ಜುಲ್ಮೀರಾ ನೋಡಿದ ಲಿಸ್ಬನ್

ಸಾಂತಾ ಅಪೊಲೋನಿಯಾ ಸ್ಟೇಷನ್ನಿನ ಹೆಂಗಸರ ಶೌಚಾಲಯದ ಕನ್ನಡಿಯೆದುರು ನಿಂತು ಇದಲೀನಾ ತುಟಿಯ ಬಣ್ಣವನ್ನು ಕರವಸ್ತ್ರದಿಂದ ಒರೆಸಿಕೊಂಡಳು. ಒರೆಸಿದ ಮೇಲೆ ಮುಖ ಕಾಯಿಲೆ ಬಿದ್ದು ಎದ್ದವಳ ಮುಖದಂತೆ ಕಂಡಿತು. ಇದೂ ಒಂದು ವೇಷವೇ ಆಯಿತಲ್ಲ ಅನ್ನಿಸಿ ಮತ್ತೆ ತೆಳ್ಳಗೆ ಹಚ್ಚಿಕೊಂಡಳು. ಬೆಳಗಿನಿಂದ ಹೀಗೇ. ವಿಧವೆಯ ಕಪ್ಪು ಲಂಗ ಹಾಕಿಕೊಂಡರೆ ಹಕ್ಕು ಹೇಳಿಕೊಳ್ಳಲು ಹೊರಟಂತೆ, ಹಾಕಿಕೊಳ್ಳದಿದ್ದರೆ ಸತ್ತವನನ್ನು ಮರೆತು ಕೈ ತೊಳೆದುಕೊಂಡಂತೆ. ಕೊನೆಗೆ ಏನನ್ನೂ ಹೇಳದ ಬೂದು ಬಣ್ಣದ ಉಡುಪನ್ನು ಆರಿಸಿ, ಅದರ ಕಂಕುಳಲ್ಲಿ ಹೊಲಿಗೆ ಬಿಟ್ಟದ್ದು ಕಂಡು, ಕೂತು ಹೊಲಿದು, ತಡವಾಯಿತೆಂದು ಓಡೋಡಿ ಬಂದರೆ ರೈಲಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಅರವತ್ತೆರಡು ವರ್ಷದ ಹೆಂಗಸು ಪರೀಕ್ಷೆಗೆ ಬಂದ ಹುಡುಗಿಯ ಹಾಗೆ ನಿಂತಿದ್ದಳು. ಚೀಲದಲ್ಲಿ ಜುಲ್ಮೀರಾಳ ಕಾಗದವಿತ್ತು. ಅವಳು ತನ್ನ ಅಣ್ಣನ ಮಗಳ ಕೈಯಲ್ಲಿ ಬರೆಸಿದ್ದು, ಒಟ್ಟು ಆರು ಸಾಲು. 'ನಾನು ಲಿಸ್ಬನ್ ನೋಡಬೇಕು. ಬರುವ ಗುರುವಾರ ಬಂದು ಸಂಜೆಯ ರೈಲಿಗೆ ವಾಪಸ್ಸು ಹೋಗುತ್ತೇನೆ. ಅಲ್ಲಿ ನಿಮ್ಮನ್ನು ಬಿಟ್ಟರೆ ನನಗೆ ಯಾರೂ ಗೊತ್ತಿಲ್ಲ.' ಈ ಕೊನೆಯ ಮಾತಿನಲ್ಲಿ ಚುಚ್ಚು ಎಲ್ಲಿದೆ ಎಂದು ಇದಲೀನಾ ಒಂದು ವಾರ ಹುಡುಕಿದ್ದಳು. ಸಿಕ್ಕಿರಲಿಲ್ಲ.

ಅನ್ಸೆಲ್ಮೊ ತನ್ನ ಹೆಂಡತಿಯನ್ನು ಬೆಯ್ರಾ ಬೆಟ್ಟಗಳ ನಡುವಿನ ಹಳ್ಳಿಯಲ್ಲಿ ಬಿಟ್ಟು, ಬರುವ ಬೇಸಿಗೆಗೆ ಕರೆಸಿಕೊಳ್ಳುತ್ತೇನೆ ಎಂದು ಹೇಳಿ ಲಿಸ್ಬನ್ನಿಗೆ ಬಂದು ನಲವತ್ತಮೂರು ವರ್ಷಗಳಾಗಿದ್ದವು. ಟ್ರಾಮು ಓಡಿಸುವ ಕೆಲಸ ಹಿಡಿದ. ಎರಡು ವರ್ಷವಾದ ಮೇಲೆ ಇದಲೀನಾಳ ಜೊತೆ ಗ್ರಾಸಾ ಬಡಾವಣೆಯ ಎರಡು ಕೋಣೆಗಳ ಮನೆಗೆ ಬಂದು ಸೇರಿದವನು ಹೋದ ವರ್ಷ ಜೂನ್ ತಿಂಗಳಲ್ಲಿ ಸಾಯುವವರೆಗೂ ಅಲ್ಲೇ ಇದ್ದ. ಮೊದಮೊದಲು ಚರ್ಚಿನಲ್ಲಾದ ಮದುವೆಯನ್ನು ಬಿಡಿಸುವ ಕಾನೂನೇ ಇರಲಿಲ್ಲ. ಕಾನೂನು ಬಂದ ಮೇಲೆ 'ಆಯ್ತು, ಬರೋ ವರ್ಷ' ಎನ್ನುತ್ತ ಮೂವತ್ತು ವರ್ಷ ಕಳೆದ. ಹಾಗಾಗಿ ಬೀದಿಯವರ ಬಾಯಲ್ಲಿ ಅವಳು ಅವನ ಹೆಂಡತಿ, ಸರ್ಕಾರದ ಕಾಗದದಲ್ಲಿ ಯಾರೂ ಅಲ್ಲ. ಆ ಕಾಗದದಲ್ಲಿ ಇದ್ದವಳು ಈಗ ಬರುವ ರೈಲಿನಲ್ಲಿದ್ದಳು.

ಕಪ್ಪುಡುಗೆಯ ಮುದುಕಿಯನ್ನು ಹುಡುಕುತ್ತಿದ್ದ ಇದಲೀನಾಳ ಕಣ್ಣು, ಕೆಂಪು ಸ್ವೆಟರಿನ, ಉದ್ದ ಕಾಲಿನ ಹೆಂಗಸನ್ನು ದಾಟಿ ಹೋಗಿ ಮತ್ತೆ ಹಿಂದಕ್ಕೆ ಬಂತು. ಆ ಹೆಂಗಸು ನೇರ ಅವಳ ಮುಂದೆ ಬಂದು ನಿಂತು ಮೇಲಿಂದ ಕೆಳಗೆ ನೋಡಿದಳು.

"ನೀವೇ ತಾನೆ ಡೋನಾ ಇದಲೀನಾ? ಅಯ್ಯೋ ದೇವರೇ, ಇಷ್ಟು ಕುಳ್ಳಗಿದ್ದೀರಾ!"

"ಹೌದು," ಎಂದಳು ಇದಲೀನಾ, ತಪ್ಪೊಪ್ಪಿಕೊಂಡವಳಂತೆ.

"ಇಷ್ಟು ವರ್ಷ ನಾನು ನಿಮ್ಮನ್ನ ಎತ್ತರದ ಹೆಂಗಸು ಅಂದ್ಕೊಂಡು ಬೈತಿದ್ದೆ ಕಣ್ರೀ. ಎಲ್ಲಾ ಬೈಗುಳ ತಲೆ ಮೇಲೆ ಹಾದು ಹೋಗಿರ್ಬೇಕು." ಜುಲ್ಮೀರಾ ಜೋರಾಗಿ ನಕ್ಕು, ಬಟ್ಟೆಯಲ್ಲಿ ಸುತ್ತಿದ ದುಂಡನೆಯ ಭಾರವೊಂದನ್ನು ಅವಳ ಕೈಗೆ ಹಾಕಿದಳು. "ಕುರಿಹಾಲಿನ ಚೀಸು. ನಾನೇ ಮಾಡಿದ್ದು. ಬಿಸಿಲಿಗೆ ಹಿಡೀಬೇಡಿ."

ಕೆನ್ನೆಗೆ ಕೆನ್ನೆ ತಾಗಿಸುವುದೋ ಬೇಡವೋ ಎಂಬ ಒಂದು ಗಳಿಗೆ ಬಂತು. ಚೀಸಿನ ಗಂಟು ಇಬ್ಬರ ನಡುವೆ ಅಡ್ಡವಾಗಿದ್ದರಿಂದ ಆ ಗಳಿಗೆ ಹೋಯಿತು. ಇದಲೀನಾ ಇಡೀ ರಾತ್ರಿ ಅಭ್ಯಾಸ ಮಾಡಿದ್ದ ಮಾತನ್ನು ಹೇಳಿದಳು. "ಮೊದಲು ಅವರ ಸಮಾಧಿಗೆ ಹೋಗೋಣ್ವಾ? ಬಸ್ಸಿದೆ, ಹತ್ತಿರಾನೇ."

"ಯಾಕೆ? ಅವನೇನು ಎದ್ದು ಹೋಗ್ತಾನಾ? ನಾನು ಬಂದಿದ್ದು ಊರು ನೋಡಕ್ಕೆ. ಸಂಜೆ ಆರೂವರೆಗೆ ನನ್ನ ರೈಲು. ನಡೀರಿ, ತೋರ್ಸಿ."

ಇದಲೀನಾ ಈ ಊರಿನಲ್ಲೇ ಹುಟ್ಟಿದವಳು. ತನ್ನ ಊರನ್ನು ಯಾರಿಗಾದರೂ ತೋರಿಸಿ ಎಂದರೆ ಏನು ತೋರಿಸಬೇಕೆಂದು ಅವಳಿಗೆ ಎಂದೂ ಹೊಳೆದಿರಲಿಲ್ಲ. ರೊಸ್ಸಿಯು ಚೌಕಕ್ಕೆ ಕರೆದುಕೊಂಡು ಹೋಗಿ, 'ಇದು ರೊಸ್ಸಿಯು' ಎಂದು ಸುಮ್ಮನಾದಳು. ಜುಲ್ಮೀರಾ ಕಂಬವನ್ನಾಗಲಿ, ಕಾರಂಜಿಯನ್ನಾಗಲಿ ನೋಡಲಿಲ್ಲ. ತಲೆ ತಗ್ಗಿಸಿ ನೆಲ ನೋಡಿದಳು. ಕರಿಯ ಕಲ್ಲು ಬಿಳಿಯ ಕಲ್ಲು ಸೇರಿಸಿ ಅಲೆ ಅಲೆಯಾಗಿ ಹಾಸಿದ ನೆಲ. ಒಂದು ಕಪ್ಪು ಅಲೆಯ ಮೇಲೆ ಕಾಲಿಟ್ಟು, ಅದು ತಿರುಗಿದತ್ತ ತಿರುಗಿ, ಬಳುಕಿದತ್ತ ಬಳುಕಿ, ಆ ತುದಿಯವರೆಗೆ ನಡೆದು ಹೋದಳು. ಫೋಟೋ ತೆಗೆಯುತ್ತಿದ್ದ ಪ್ರವಾಸಿಗರ ಗುಂಪು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಇದಲೀನಾ ಚೀಸಿನ ಗಂಟು ಹಿಡಿದು, ಯಾರಾದರೂ ಪರಿಚಯದವರು ಕಂಡಾರೆಂದು ಅತ್ತಿತ್ತ ನೋಡುತ್ತ ನಿಂತಳು. ಈಗ ಹೇಳಿಬಿಡಲೇ? ಆ ತುದಿಯಿಂದ ವಾಪಸ್ಸು ಬರುವಷ್ಟರಲ್ಲಿ ಮಾತು ಜೋಡಿಸಿಕೊಂಡರೆ? 'ಡೋನಾ ಜುಲ್ಮೀರಾ, ನಿಮಗೊಂದು ವಿಷಯ ಹೇಳಬೇಕಿತ್ತು.' ಕೆಂಪು ಸ್ವೆಟರು ಇನ್ನೊಂದು ಅಲೆ ಹಿಡಿದು ತನ್ನತ್ತಲೇ ಬರುತ್ತಿತ್ತು.

"ಸುಳ್ಳಲ್ಲ ಕಣ್ರೀ! ನಿಜವಾಗ್ಲೂ ತಲೆ ತಿರುಗತ್ತೆ. ಅನ್ಸೆಲ್ಮೊ ಮೊದಲನೇ ಕಾಗದದಲ್ಲೇ ಬರೆದಿದ್ದ, ಇಲ್ಲಿ ನೆಲಾನೇ ಸಮುದ್ರದ ಥರ ಅಂತ. ನಂಗೆ ಆಗ ಓದಕ್ಕೆ ಬರ್ತಿರಲಿಲ್ಲ. ಸ್ಕೂಲಿನ ಟೀಚರು ಓದಿ ಹೇಳೋರು. ಬಟ್ಟೆ ಒಗೆಯೋ ಕಟ್ಟೆ ಹತ್ರ ಕೂತು ಓದೋರು, ಎಲ್ಲಾ ಹೆಂಗಸರೂ ಒಗೆಯೋದು ನಿಲ್ಸಿ ಕೇಳೋರು. ನಮ್ಮೂರಲ್ಲಿ ಎಲ್ಲರಿಗೂ ಲಿಸ್ಬನ್ ಗೊತ್ತು. ಯಾರೂ ಬಂದಿಲ್ಲ ಅಷ್ಟೇ."

ಕಾಗದಗಳ ವಿಷಯ ಇದಲೀನಾಳಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದ ಅನ್ಸೆಲ್ಮೊ ಪೆನ್ನು ಹಿಡಿದರೆ ಬೆವರುತ್ತಿದ್ದ. ಹುಟ್ಟುಹಬ್ಬದ ಕಾರ್ಡಿನಲ್ಲೂ ಬರಿಯ ಹೆಸರು ಬರೆದು ಕೊಡುತ್ತಿದ್ದ. ಕಾಗದ ಬರೆಯುವವನೊಬ್ಬ ಅವನೊಳಗೆ ಇದ್ದು, ತನ್ನ ಮನೆಯ ಹೊಸ್ತಿಲು ದಾಟುವ ಮುಂಚೆಯೇ ಸತ್ತಿದ್ದನೇನೋ. ನಡೆಯುತ್ತ ಅವರು ಕೊನ್ಸೆಯ್ಸಾಂವ್ ಬೀದಿಗೆ ಬಂದರು. ಗುಂಡಿ, ದಾರ, ಲೇಸು ಮಾರುವ ಕಿರಿದಾದ ಹಳೆಯ ಅಂಗಡಿಗಳ ಸಾಲು, ನಡುವೆ ಟ್ರಾಮಿನ ಹಳಿ. ಜುಲ್ಮೀರಾ ಗಕ್ಕನೆ ನಿಂತಳು.

"ಇದೇನಾ ಗುಂಡಿ ಅಂಗಡಿಗಳ ಬೀದಿ? ನಿಮ್ಮ ಅಂಗಡಿ ಯಾವ್ದು?"

ಇದಲೀನಾ ತಾನು ಹದಿನೇಳು ವರ್ಷ ಕೆಲಸ ಮಾಡಿದ ಅಂಗಡಿಯನ್ನು ಬೆರಳೆತ್ತಿ ತೋರಿಸಲಾರದೆ ಗಲ್ಲದಿಂದ ತೋರಿಸಿದಳು. "ನಿಮಗೆ ಹೇಗೆ ಗೊತ್ತು?"

"ಬರೆದಿದ್ನಲ್ಲ. ಈ ಬೀದಿ ತಿರುವಿನಲ್ಲಿ ಟ್ರಾಮು ನಿಂತಾಗ ಕೋಟಿನ ಗುಂಡಿ ಕಿತ್ತು ಬಿತ್ತು, ಒಂದು ಅಂಗಡಿ ಹುಡುಗಿ ಹೊರಗೆ ಬಂದು, ಕೇಳದೆನೇ, ಅಲ್ಲೇ ನಿಂತು ಹೊಲಿದು ಕೊಟ್ಳು ಅಂತ. ಟೀಚರು ಓದಿದಾಗ ನಾನು ಎಲ್ಲರ ಮುಂದೆ ಅಂದೆ, ಪುಣ್ಯಾತ್ಗಿತ್ತಿ, ಯಾರೋ ಏನೋ, ಚೆನ್ನಾಗಿರ್ಲಿ ಅಂತ." ಜುಲ್ಮೀರಾ ಅಂಗಡಿಯ ಕಿಟಕಿಗೆ ಹಣೆ ತಾಗಿಸಿ ಒಳಗೆ ನೋಡುತ್ತಿದ್ದಳು. "ಅದೇ ಕೊನೇ ಕಾಗದ. ಆಮೇಲೆ ಬರಲಿಲ್ಲ."

ಅವಳ ದನಿಯಲ್ಲಿ ಕಹಿ ಇರಲಿಲ್ಲ. ಬೇರೆ ಯಾರದೋ ಹಳ್ಳಿಯಲ್ಲಿ ನಡೆದದ್ದನ್ನು ಹೇಳುವಂತೆ ಹೇಳಿದಳು. ಆ ಗುಂಡಿಯ ನೆನಪು ಇದಲೀನಾಳಿಗೆ ನಲವತ್ತು ವರ್ಷಗಳಿಂದ ತನ್ನ ಸ್ವಂತದ್ದಾಗಿತ್ತು. ಕಂಚಿನ ಗುಂಡಿ, ದಾರವನ್ನು ಹಲ್ಲಿನಿಂದ ಕಡಿಯುವಾಗ ಅವನ ಎದೆಯ ಬಿಸಿ ಮುಖಕ್ಕೆ ತಗುಲಿದ್ದು, ಹಿಂದಿನ ಟ್ರಾಮಿನವನು ಗಂಟೆ ಬಾರಿಸಿದ್ದು. ಬೇಜಾರಾದಾಗ ತೆಗೆದು ನೋಡಿಕೊಳ್ಳುತ್ತಿದ್ದ ನೆನಪು. ಬೆಟ್ಟದ ಹಳ್ಳಿಯ ಒಗೆಯುವ ಕಟ್ಟೆಯ ಮೇಲೆ ಒದ್ದೆ ಕೈಗಳ ಹೆಂಗಸರೆಲ್ಲ ಅದನ್ನು ಆಗಲೇ ಕೇಳಿದ್ದರು, ಹರಸಿದ್ದರು. ಹರಕೆ ತಗುಲಿತ್ತು ಕೂಡ. ಚೆನ್ನಾಗಿಯೇ ಇದ್ದಳಲ್ಲ.

ಅವನು ಓಡಿಸುತ್ತಿದ್ದ ಟ್ರಾಮನ್ನೇ ಹತ್ತಬೇಕೆಂದು ಜುಲ್ಮೀರಾ ಹಟ ಹಿಡಿದಳು. ಇಪ್ಪತ್ತೆಂಟನೇ ನಂಬರಿನ ಟ್ರಾಮು ಹೊರದೇಶದವರಿಂದ ಕಿಕ್ಕಿರಿದಿತ್ತು. ಇದಲೀನಾ ಹಿಂಬದಿಯಲ್ಲಿ ಯಾರದೋ ಬೆನ್ನುಚೀಲದ ಕೆಳಗೆ ಸಿಕ್ಕಿಕೊಂಡಳು. ಚೀಸಿನ ವಾಸನೆಗೆ ಪಕ್ಕದ ಹುಡುಗಿ ಮೂಗು ಸೊಟ್ಟ ಮಾಡಿದಳು. ಜುಲ್ಮೀರಾ ಮಾತ್ರ ಮೊಣಕೈಯಲ್ಲಿ ಜನರನ್ನು ಸರಿಸಿಕೊಂಡು ಮುಂದೆ ಹೋಗಿ, ಚಾಲಕನ ಬೆನ್ನ ಹಿಂದೆಯೇ ನಿಂತು, ಅವನು ಹಿತ್ತಾಳೆಯ ಹಿಡಿಕೆ ತಿರುಗಿಸುವುದನ್ನು ನೋಡುತ್ತಿದ್ದಳು. ದೊಡ್ಡ ಚರ್ಚಿನ ಹತ್ತಿರದ ಏರಿನಲ್ಲಿ ಟ್ರಾಮು ನಿಂತಾಗ ಅವಳ ದನಿ ಇಡೀ ಡಬ್ಬಿಗೆ ಕೇಳಿಸಿತು.

"ಏನಪ್ಪಾ, ಅನ್ಸೆಲ್ಮೊ ಅಂತ ಇದ್ದ, ಇದನ್ನೇ ಓಡಿಸ್ತಿದ್ದ. ಗೊತ್ತಾ ನಿಂಗೆ?"

"ಇಲ್ಲಮ್ಮಾ. ನಾನು ಸೇರಿ ಮೂರೇ ವರ್ಷ ಆಯ್ತು. ನಿಮಗೇನಾಗ್ಬೇಕು?"

"ಗಂಡ. ನನ್ನ ಗಂಡ ಅವನು. ಹೋದ ವರ್ಷ ತೀರ್ಕೊಂಡ."

ಚಾಲಕ ಟೋಪಿಗೆ ಕೈ ಮುಟ್ಟಿಸಿ, ಮೆಲ್ಲಗೆ ಏನೋ ಸಂತಾಪದ ಮಾತು ಹೇಳಿ, ಅವಳ ಗೌರವಕ್ಕೆಂಬಂತೆ ಗಂಟೆಯನ್ನು ಒಂದು ಸಲ ಹೆಚ್ಚಾಗಿ ಬಾರಿಸಿದ. ಹಿಂದೆ ನಿಂತ ಇದಲೀನಾ ಬೆನ್ನುಚೀಲದ ಸಂದಿಯಿಂದ ಅದನ್ನು ನೋಡಿದಳು. ಹದಿನೇಳು ವರ್ಷ ಬೆಳಗ್ಗೆ ಸಂಜೆ ಅವಳು ಇದೇ ಟ್ರಾಮಿನಲ್ಲಿ ಹೋಗಿ ಬಂದಿದ್ದಳು, ಅವನು ಓಡಿಸುವಾಗಲೂ. ಒಂದು ದಿನವೂ ಅಷ್ಟು ಮುಂದೆ ಹೋಗಿ ನಿಂತಿರಲಿಲ್ಲ. 'ಯಾಕೆ ಸುಮ್ನೆ ಜನರ ಬಾಯಿಗೆ,' ಎನ್ನುತ್ತಿದ್ದ ಅನ್ಸೆಲ್ಮೊ. ಅವನ ಮಾತು ಕೇಳಿ ಕೇಳಿ ಹಿಂದೆ ನಿಲ್ಲುವುದೇ ಅವಳಿಗೆ ಅಭ್ಯಾಸವಾಗಿತ್ತು. ಆಸ್ಪತ್ರೆಯಲ್ಲಿ ಮಾತ್ರ ಹಾಗಿರಲಿಲ್ಲ. ಅಲ್ಲಿ ನರ್ಸುಗಳು ಕೇಳುವ ಮೊದಲೇ 'ಹೆಂಡತಿ' ಎಂದು ಹೇಳಿದ್ದಳು. ಹನ್ನೊಂದನೇ ಹಾಸಿಗೆಯ ಹೆಂಡತಿ. 'ಹೆಂಡತಿಯವರು ಬಂದ್ರಾ? ಡಾಕ್ಟರು ಕರೀತಿದ್ದಾರೆ.' ಬದುಕಿನಲ್ಲಿ ಮೊದಲ ಸಲ ಆ ಪದ ದಿನಕ್ಕೆ ಹತ್ತು ಬಾರಿ ಕಿವಿಗೆ ಬಿದ್ದು, ಸಾಯುತ್ತಿರುವವನ ಪಕ್ಕದಲ್ಲಿ ಕೂತೂ ಅವಳಿಗೆ ಒಂದು ಬಗೆಯ ಸುಖವಾಗುತ್ತಿತ್ತು. ಆಗ, ಒಂದು ಮಂಗಳವಾರ ಮಧ್ಯಾಹ್ನ, ಅವನು ಅವಳ ಮಣಿಕಟ್ಟು ಹಿಡಿದು ಹೇಳಿದ್ದ. 'ಜುಲ್ಮೀರಾಗೆ ಒಂದು ಫೋನ್ ಮಾಡು. ಬಂದು ಹೋಗಕ್ಕೆ ಹೇಳು.' ನಂಬರು ಅವನ ಪರ್ಸಿನಲ್ಲೇ ಇತ್ತು, ಎಷ್ಟು ವರ್ಷದಿಂದಲೋ. ಅವಳು ಪಡಸಾಲೆಯ ಕೊನೆಯ ಫೋನಿನ ಹತ್ತಿರ ಹೋದಳು. ಕೊನೆಯ ಒಂದು ಅಂಕಿ ಬಿಟ್ಟು ಉಳಿದದ್ದನ್ನೆಲ್ಲ ಒತ್ತಿದಳು. ಆಕೆ ಬರುತ್ತಾಳೆ, ಬಾಗಿಲಲ್ಲಿ ನರ್ಸು 'ನೀವು ಯಾರಮ್ಮಾ' ಎನ್ನುತ್ತಾಳೆ, ಆಕೆ ಹೇಳುತ್ತಾಳೆ, ಆಮೇಲೆ ಎಲ್ಲರ ತಲೆಯೂ ತನ್ನತ್ತ ತಿರುಗುತ್ತದೆ. ಫೋನು ಇಟ್ಟು, ಯಂತ್ರದಿಂದ ಒಂದು ಕಾಫಿ ಹಿಡಿದು, ಅದನ್ನು ಪೂರ್ತಿ ಕುಡಿದು ವಾರ್ಡಿಗೆ ಬಂದಳು. 'ಮಾಡಿದೆ. ಬರಲ್ಲ ಅಂದ್ರು.'

ಗ್ರಾಸಾದಲ್ಲಿ ಇಳಿದಾಗ ಒಂದೂವರೆಯಾಗಿತ್ತು. ಬೇರೆ ಕಡೆ ಹೋಗೋಣವೆಂದು ಇದಲೀನಾ ಎಷ್ಟು ಹೇಳಿದರೂ, ಜುಲ್ಮೀರಾ ಮೂಗರಳಿಸಿ ನೇರ ಫ್ಲೋರಿಯಾನೊನ ಊಟದಂಗಡಿಗೇ ನುಗ್ಗಿದಳು. ನಾಲ್ಕು ಮೇಜಿನ ಅಂಗಡಿ. ಅನ್ಸೆಲ್ಮೊ ಭಾನುವಾರ ಕೂರುತ್ತಿದ್ದ ಮೂಲೆಯ ಕುರ್ಚಿಯಲ್ಲೇ ಜುಲ್ಮೀರಾ, ಏನೂ ಗೊತ್ತಿಲ್ಲದೆ, ಹೋಗಿ ಕೂತಳು. ಫ್ಲೋರಿಯಾನೊ ಕೈ ಒರೆಸಿಕೊಳ್ಳುತ್ತ ಬಂದ.

"ಬನ್ನಿ ಬನ್ನಿ ಡೋನಾ ಇದಲೀನಾ, ಅಪರೂಪ ಆಗ್ಬಿಟ್ರಿ. ಮುಂಚೆ ಯಜಮಾನ್ರ ಜೊತೆ ವಾರ ತಪ್ಪದೆ ಬರ್ತಿದ್ರಿ. ಇವರು ಯಾರು? ಅಕ್ಕನಾ?"

"ಹೌದು," ಎಂದುಬಿಟ್ಟಳು ಇದಲೀನಾ. "ಅಕ್ಕ. ಊರಿಂದ ಬಂದಿದ್ದಾರೆ."

ಜುಲ್ಮೀರಾ ಸೂಪಿನ ಚಮಚ ಎತ್ತಿ ಅದರಲ್ಲಿ ತನ್ನ ಮುಖ ನೋಡಿಕೊಂಡಳು. "ಹೌದಪ್ಪಾ. ನಾನು ದೊಡ್ಡವಳು, ಇವಳು ಚಿಕ್ಕವಳು. ಚಿಕ್ಕೋರದ್ದು ಗೊತ್ತಲ್ಲ, ದೊಡ್ಡೋರು ಹಾಕ್ಕೊಂಡಿದ್ದನ್ನೇ ಹಾಕ್ಕೊಂಡು ಬೆಳೀಬೇಕು. ಪಾಪ, ನನ್ನ ಹಳೇದು ಒಂದು ಇವಳ ಹತ್ರ ನಲವತ್ತು ವರ್ಷ ಬಾಳಿಕೆ ಬಂತು."

"ಒಳ್ಳೇ ಬಟ್ಟೆ ಇರ್ಬೇಕು," ಎಂದ ಫ್ಲೋರಿಯಾನೊ.

"ಏನ್ ಮಹಾ. ಮೊಣಕೈ ಹತ್ರ ಹರಿದಿತ್ತು."

ಅವನು ಒಳಗೆ ಹೋದ ಮೇಲೆ ಜುಲ್ಮೀರಾ ಬಾಯಿಗೆ ಬಟ್ಟೆ ಅಡ್ಡ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇದಲೀನಾ ತಲೆ ಎತ್ತದೆ ಎಲೆಕೋಸಿನ ಸೂಪು ಕಲಕುತ್ತಿದ್ದವಳು, ನಗು ಎಲ್ಲಿಂದ ಬಂತೋ, ತಾನೂ ನಕ್ಕುಬಿಟ್ಟಳು. ಹದಿನಾರು ತಿಂಗಳಿನಲ್ಲಿ ಮೊದಲ ಸಲ. ನಕ್ಕದ್ದಕ್ಕೆ ತಕ್ಷಣ ಭಯವಾಯಿತು.

"ತಿನ್ನೇ, ಆರೋಗತ್ತೆ," ಎಂದಳು ಜುಲ್ಮೀರಾ. ಅಲ್ಲಿಂದ ಮುಂದೆ ಅವಳ ಬಾಯಲ್ಲಿ 'ನೀನು' ಬಂತು. ಉಪ್ಪುಮೀನು, ಆಲೂಗಡ್ಡೆ, ಒಂದು ಹೂಜಿ ಕೆಂಪು ವೈನು. ನಮ್ಮೂರಲ್ಲಿ ಗಂಡ ಫ್ರಾನ್ಸಿಗೋ ಲಿಸ್ಬನ್ನಿಗೋ ಹೋದ ಹೆಂಗಸರನ್ನ ಬದುಕಿದ್ದೋರ ವಿಧವೆಯರು ಅಂತಾರೆ ಕಣೇ, ಎಂದು ಹೇಳಿದಳು. ಬರೋ ತಿಂಗಳು ಹೋಗ್ತೀನಿ, ಬರೋ ತಿಂಗಳು ಹೋಗ್ತೀನಿ ಅಂತ ಹತ್ತು ವರ್ಷ ಎಲ್ಲರಿಗೂ ಹೇಳಿದೆ. ಆಮೇಲೆ ಅವರೇ ಕೇಳೋದು ಬಿಟ್ಟರು, ಅದು ನೋಡು, ಅದು ಮಾತ್ರ ಕಷ್ಟ ಆಯ್ತು. ನಾಳೆ ಹೋಗಿ ಕಟ್ಟೆ ಹತ್ರ ಕೂತು ಹೇಳ್ತೀನಿ, ಈಗ ಅಲ್ಲಿ ಯಾರೂ ಒಗೆಯಲ್ಲ, ಎಲ್ಲರ ಮನೇಲೂ ಮಷೀನು. ಆದರೂ ಕರೆದು ಕೂರಿಸಿ ಹೇಳ್ತೀನಿ. ಇದಲೀನಾ ಕೇಳುತ್ತಿದ್ದಳು. ಈ ಹೆಂಗಸಿಗೆ ಒಂದು ಮುಖವಿದೆ ಎಂದು ಅವಳು ಎಂದೂ ಯೋಚಿಸಿರಲಿಲ್ಲ. ಮೂರನೇ ತಿಂಗಳಿನಲ್ಲೇ ಅನ್ಸೆಲ್ಮೊ ಹೇಳಿದ್ದ, ಊರಿನಲ್ಲಿ ಒಬ್ಬಳಿದ್ದಾಳೆ ಎಂದು. ಒಬ್ಬಳು. ಆ ಒಬ್ಬಳಿಗೆ ಎಡಗೆನ್ನೆಯಲ್ಲಿ ಮಚ್ಚೆಯಿದೆ, ನಕ್ಕರೆ ಒಸಡು ಕಾಣುತ್ತದೆ, ಮೀನಿನ ಮುಳ್ಳನ್ನು ತಟ್ಟೆಯ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಜೋಡಿಸಿಡುತ್ತಾಳೆ. ಸಾವಿನ ಸುದ್ದಿಯನ್ನೂ ಇದಲೀನಾ ಇವಳಿಗೆ ಎಂಟು ದಿನ ಬಿಟ್ಟು ಬರೆದಿದ್ದಳು. 'ಎಲ್ಲಾ ಇದ್ದಕ್ಕಿದ್ದಂತೆ ಆಯಿತು' ಎಂದು. ಮೂರು ವಾರ ಆಸ್ಪತ್ರೆಯಲ್ಲಿ ಮಲಗಿದ್ದವನ ಬಗ್ಗೆ.

ಊಟವಾದ ಮೇಲೆ ಗುಡ್ಡದ ಮೇಲಿನ ಕಟ್ಟೆಗೆ ಬಂದರು. ಪೈನ್ ಮರಗಳ ನೆರಳು, ಕಬ್ಬಿಣದ ಕಂಬಿ, ಕೆಳಗೆ ಊರಿಗೆ ಊರೇ. ಅಕ್ಟೋಬರಿನ ಬಿಸಿಲು ಹಂಚುಗಳ ಮೇಲೆ ಓರೆಯಾಗಿ ಬಿದ್ದಿತ್ತು. ಜುಲ್ಮೀರಾ ಕಂಬಿ ಹಿಡಿದು ನಿಂತಳು. ಆಮೇಲೆ, ಶಾಲೆಯಲ್ಲಿ ಬಾಯಿಪಾಠ ಒಪ್ಪಿಸುವವಳ ಹಾಗೆ ಹೇಳಿದಳು. "ಮೇಲಿಂದ ನೋಡಿದ್ರೆ, ಯಾರೋ ಮನೆಯ ಪಾತ್ರೆಯೆಲ್ಲ ತೊಳೆದು, ಒಣಗಲಿ ಅಂತ ಬೋರಲು ಹಾಕಿ, ಎತ್ತಿಡೋದನ್ನ ಮರೆತು ಹೋದ ಹಾಗಿದೆ."

ಇದಲೀನಾ ಕಂಬಿಯಿಂದ ಕೈ ತೆಗೆದಳು. ಇದೇ ಮಾತನ್ನು ಇದೇ ಜಾಗದಲ್ಲಿ, ತನ್ನ ಸೊಂಟದ ಮೇಲೆ ಕೈಯಿಟ್ಟು, ಆಗ ತಾನೇ ಹೊಳೆದ ಮಾತಿನಂತೆ ತಡೆತಡೆದು ಅನ್ಸೆಲ್ಮೊ ಹೇಳಿದ್ದ. ಆ ಮಾತಿಗೇ ಅವಳು ಅವನನ್ನು ಒಪ್ಪಿದ್ದು. ಟ್ರಾಮು ಓಡಿಸುವವನೊಬ್ಬ ಹೀಗೆ ನೋಡಬಲ್ಲನಲ್ಲ ಎಂದು. ಎರಡು ವರ್ಷ ಹಳೆಯ ಮಾತು, ಇನ್ನೊಬ್ಬಳಿಗಾಗಿ ಬರೆದು, ಅಂಚೆಗೆ ಹಾಕಿ, ಆಗಲೇ ಬಳಸಿ ಆಗಿದ್ದ ಮಾತು. ತನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಿಟ್ಟಲ್ಲ. ತನ್ನದೆಂದುಕೊಂಡಿದ್ದ ಒಂದೊಂದನ್ನೇ ಈ ಹೆಂಗಸು ಬೆಳಗಿನಿಂದ, ಕಸಿದುಕೊಳ್ಳದೆಯೇ, ಸುಮ್ಮನೆ ಗುರುತು ಹಿಡಿಯುತ್ತ ಬಂದಿದ್ದಳು.

ಬೆಂಚಿನ ಮೇಲೆ ಕೂತು ಜುಲ್ಮೀರಾ ಬೂಟು ಕಳಚಿ, ಊದಿದ ಕಾಲನ್ನು ತಿಕ್ಕಿಕೊಂಡಳು. "ಇದಲೀನಾ, ನಿಂಗೆ ನಿಜ ಹೇಳ್ಲಾ? ನಾನು ಬರುವಾಗ ಜಗಳ ಆಡೋಣ ಅಂತಾನೇ ಬಂದಿದ್ದು. ರೈಲಲ್ಲಿ ನಾಲ್ಕು ಗಂಟೆ ಅದೇ ಲೆಕ್ಕ ಹಾಕ್ದೆ. ಆಮೇಲೆ ನೀನು ಅಲ್ಲಿ, ಆ ಬೂದು ಬಟ್ಟೆ ಹಾಕ್ಕೊಂಡು, ಕಳ್ಳಿ ಥರ ನಿಂತಿದ್ದೆ. ಹೋಗ್ಲಿ ಬಿಡು ಅನ್ನಿಸ್ತು." ಅವಳು ಕಣ್ಣು ಮುಚ್ಚಿ ಮುಖವನ್ನು ಬಿಸಿಲಿಗೆ ಒಡ್ಡಿದಳು. "ಈಗ ನೋಡಾಯ್ತು. ಅವನು ಸುಳ್ಳು ಬರೀಲಿಲ್ಲ, ಎಲ್ಲಾ ಹಾಗೇ ಇದೆ. ನಂಗಿನ್ನು ಯಾರ ಮೇಲೂ ಏನೂ ಇಲ್ಲ. ಎಷ್ಟು ಹಗುರ ಅನ್ನಿಸ್ತಿದೆ ಗೊತ್ತಾ?"

ಇಲ್ಲಿಗೆ ನಿಲ್ಲಿಸಬಹುದಿತ್ತು. ಇದಲೀನಾ ಆಮೇಲೆ ಎಷ್ಟೋ ಸಲ ಈ ಕ್ಷಣಕ್ಕೆ ಬಂದು ನಿಂತು, ಸುಮ್ಮನಿರುವ ಬೇರೊಬ್ಬ ಇದಲೀನಾಳನ್ನು ಕಲ್ಪಿಸಿಕೊಂಡಿದ್ದಾಳೆ. ಆದರೆ ಆಗ ಆ ಬಿಸಿಲಿನ ಮುಖವನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಆ ಹಗುರ ತನಗೂ ಬೇಕೆನ್ನಿಸಿತು. ಪಕ್ಕದಲ್ಲಿ ಒಬ್ಬಳು ನೀರು ಕುಡಿಯುತ್ತಿದ್ದರೆ ಆಗುವ ಬಾಯಾರಿಕೆಯಂತೆ. ಅದನ್ನು ಅವಳು ಪ್ರಾಮಾಣಿಕತೆ ಎಂದುಕೊಂಡಳು.

"ಅವರು ನಿಮ್ಮನ್ನ ಕೇಳಿದ್ರು," ಎಂದಳು.

"ಯಾರು?"

"ಆಸ್ಪತ್ರೆಯಲ್ಲಿ. ಜುಲ್ಮೀರಾಗೆ ಫೋನ್ ಮಾಡು, ಬಂದು ಹೋಗಕ್ಕೆ ಹೇಳು ಅಂದ್ರು. ನಾನು ಮಾಡಲಿಲ್ಲ. ಮಾಡಿದೆ, ಅವರು ಬರಲ್ಲ ಅಂದ್ರು ಅಂತ ಹೇಳ್ದೆ." ಶುರುವಾದ ಮೇಲೆ ನಿಲ್ಲಲಿಲ್ಲ. "ನರ್ಸುಗಳೆಲ್ಲ ನನ್ನನ್ನ ಹೆಂಡತಿ ಅಂತಿದ್ರು. ನೀವು ಬಂದ್ರೆ… ನಂಗೆ ನಾಚಿಕೆ ಆಗತ್ತೆ ಅಂತ. ಅಷ್ಟಕ್ಕೇ. ಇದ್ದಕ್ಕಿದ್ದಂತೆ ಅಂತ ಬರೆದಿದ್ದೂ ಸುಳ್ಳು. ಅದಾದ ಮೇಲೆ ಹನ್ನೊಂದು ದಿನ ಇದ್ರು."

ಜುಲ್ಮೀರಾ ಕಣ್ಣು ತೆರೆದಳು. ಬೂಟನ್ನು ಹತ್ತಿರಕ್ಕೆ ಎಳೆದುಕೊಂಡು ಒಂದೊಂದಾಗಿ ಹಾಕಿಕೊಂಡಳು. ಊದಿದ ಕಾಲಿಗೆ ಲೇಸು ಬಿಗಿಯಲು ಬರಲಿಲ್ಲ. ಇದಲೀನಾ ಬಗ್ಗಿ ಸಹಾಯಕ್ಕೆ ಕೈ ಚಾಚಿದರೆ, ಆ ಕೈಯನ್ನು ಮುಟ್ಟದೆ ಕಾಲನ್ನೇ ಹಿಂದಕ್ಕೆ ಎಳೆದುಕೊಂಡಳು.

"ಬರಲ್ಲ ಅಂದ್ಳು ಅಂತ ಹೇಳಿದಾಗ, ಅವನು ಏನಂದ?"

ಇದಲೀನಾ ಇದನ್ನು ಮಾತ್ರ ಹೇಳಬಾರದೆಂದುಕೊಂಡಿದ್ದಳು. ಸುಳ್ಳಿಗಿಂತ ಹೆಚ್ಚಾಗಿ ಅವಳನ್ನು ತಿಂದದ್ದು ಇದು. "ಗೋಡೆ ಕಡೆ ತಿರುಗಿಕೊಂಡ್ರು. ಅವಳು ಮಾಡಿದ್ದು ಸರಿ ಅಂದ್ರು."

"ಇನ್ನೊಂದ್ಸಲ ಹೇಳಿ."

"ಅವಳು ಮಾಡಿದ್ದು ಸರಿ, ಅಂದ್ರು."

ನಲವತ್ತಮೂರು ವರ್ಷಗಳಲ್ಲಿ ಅವನಿಂದ ಬಂದ ಒಂದೇ ಒಂದು ತಪ್ಪೊಪ್ಪಿಗೆ, ಅದೂ ಜುಲ್ಮೀರಾ ಮಾಡದೇ ಇದ್ದ ಕೆಲಸಕ್ಕೆ ಸಿಕ್ಕದ್ದು. ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದವಳಂತೆ ಎರಡು ಕೈಯನ್ನೂ ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ಕೂತಳು. ಆಮೇಲೆ ಎದ್ದಳು. "ಸ್ಟೇಷನ್ನಿಗೆ ಯಾವ ಕಡೆ?"

"ಇನ್ನೂ ಎರಡು ಗಂಟೆ ಇದೆ ಡೋನಾ ಜುಲ್ಮೀರಾ. ನದಿ ಕಡೆ ಹೋಗಿ…"

"ಯಾವ ಕಡೆ ಅಂದೆ."

ಇಳಿಜಾರಿನ ಮೆಟ್ಟಿಲುಗಳಲ್ಲಿ ಮುಂದೆ ಕೆಂಪು ಸ್ವೆಟರು, ಹಿಂದೆ ಇದಲೀನಾ. ಬಟ್ಟೆ ಒಣಹಾಕಿದ ಕಿಟಕಿಗಳು, ಮನೆಬಾಗಿಲಲ್ಲಿ ಕೂತ ಮುದುಕ, ಪಂಜರದ ಹಕ್ಕಿ. ಜುಲ್ಮೀರಾ ಯಾವುದನ್ನೂ ನೋಡಲಿಲ್ಲ, ಕಾಲಿಡುವ ಮೆಟ್ಟಿಲನ್ನು ಮಾತ್ರ ನೋಡಿದಳು. ಫ್ಲೋರಿಯಾನೊನ ಅಂಗಡಿಯಲ್ಲಿ ನಕ್ಕ ಆ ಹೆಂಗಸು ಎಲ್ಲಿ ಹೋದಳೆಂದು ಇದಲೀನಾ ಹಿಂದಿನಿಂದ ಅವಳ ಕತ್ತಿನಲ್ಲಿ ಹುಡುಕಿದಳು. ಹೇಳಿದ ಮೇಲೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳಲ್ಲ, ಹೌದು, ಹಗುರಾಗಿತ್ತು. ನಾಚಿಕೆಯಾಗುವಷ್ಟು ಹಗುರ. ತನ್ನದು ಇಳಿದದ್ದು ಎಲ್ಲಿಗೆ ಹೋಯಿತೆಂಬುದು, ಒಂದೊಂದೇ ಮೆಟ್ಟಿಲು ಕಂಬಿ ಹಿಡಿದು ಇಳಿಯುತ್ತಿದ್ದ ಆ ಬೆನ್ನಿನಲ್ಲಿ ಕಾಣುತ್ತಿತ್ತು.

ಸ್ಟೇಷನ್ನಿನ ಬೆಂಚಿನಲ್ಲಿ ಇಬ್ಬರೂ ಒಂದೂವರೆ ಗಂಟೆ ಕೂತರು. ಇದಲೀನಾ ತಂದ ಕಾಫಿ ಜುಲ್ಮೀರಾಳ ಪಕ್ಕದಲ್ಲೇ ಆರಿತು. ರೈಲು ಬಂದು ನಿಂತಾಗ ಜುಲ್ಮೀರಾ ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು, ಗುಡ್ಡದಿಂದ ಇಳಿದ ಮೇಲೆ ಮೊದಲ ಸಲ ಅವಳ ಮುಖ ನೋಡಿದಳು. ಸಿಟ್ಟಿರಲಿಲ್ಲ. ದಣಿವಿತ್ತು.

"ಅವನನ್ನ ಇಟ್ಕೊಂಡ್ರಿ, ಇರ್ಲಿ. ಸಾಯೋ ಹೊತ್ತನ್ನೂ ಇಟ್ಕೊಂಡ್ರಿ, ಅದೂ ಆಗಿ ಹೋಯ್ತು. ನಲವತ್ತಮೂರು ವರ್ಷ ಕಾದು ಒಂದು ದಿನ ಈ ಊರು ನೋಡ್ದೆ, ಡೋನಾ ಇದಲೀನಾ. ಮಧ್ಯಾಹ್ನದವರೆಗೆ ಎಷ್ಟು ಚೆನ್ನಾಗಿತ್ತು. ರೈಲು ಹತ್ತೋವರೆಗಾದ್ರೂ ಬಾಯಿ ಮುಚ್ಕೊಂಡು ಇರಬಹುದಾಗಿತ್ತಲ್ಲ ನೀವು."

'ನೀವು' ಎಂಬುದು ಬಾಗಿಲು ಹಾಕಿದಂತೆ ಕೇಳಿಸಿತು. ಅವಳು ಹತ್ತಿದಳು. ಬೋಗಿ ಅರ್ಧಕ್ಕರ್ಧ ಖಾಲಿ. ಪ್ಲಾಟ್‌ಫಾರ್ಮಿನ ಕಡೆಯ ಕಿಟಕಿಯಲ್ಲಿ ಅವಳು ಕೂತದ್ದು ಇದಲೀನಾಳಿಗೆ ಕಂಡಿತು. ಹೊರಟ ಮೇಲೆ ಅರ್ಧ ಗಂಟೆ ತೇಜೋ ನದಿ ಹಳಿಯ ಪಕ್ಕದಲ್ಲೇ ಬರುತ್ತದೆ, ಸಮುದ್ರದಷ್ಟು ಅಗಲ, ಈ ಹೊತ್ತಿನಲ್ಲಿ ಆ ದಡದಿಂದ ಈ ದಡದವರೆಗೆ ಕೆಂಪಾಗಿ. ಬೆಳಗ್ಗೆ ಮಂಜಿನಲ್ಲಿ ಏನೂ ಕಂಡಿರಲಿಕ್ಕಿಲ್ಲ. ಆದರೆ ಅದು ಇರುವುದು ಆಚೆ ಬದಿಯಲ್ಲಿ. ಈ ಕಿಟಕಿಯಿಂದ ಗೋಡೆ, ಗೋದಾಮು, ಮತ್ತೆ ಗೋಡೆ ಅಷ್ಟೇ. ಇದೊಂದನ್ನಾದರೂ ತೋರಿಸಬಹುದು. ಇದೊಂದನ್ನಾದರೂ. ಅವಳು ಕಿಟಕಿಯ ಹತ್ತಿರ ಓಡಿ ಗಾಜು ತಟ್ಟಿದಳು. "ಆ ಕಡೆ! ಆ ಕಡೆ ಕೂತ್ಕೊಳ್ಳಿ! ನದಿ!" ದಪ್ಪ ಗಾಜು, ಒಳಗೆ ಕೇಳಿಸಲಿಲ್ಲ. ಕೈಯಾಡಿಸಿ ತೋರಿಸಿದಳು, ಆಚೆ, ಆಚೆ, ಅಲ್ಲಿಂದ ಎದ್ದು ಆಚೆ. ರೈಲು ಮೆಲ್ಲಗೆ ಕದಲಿತು. ಜುಲ್ಮೀರಾ ಆ ಕೈಯನ್ನು ನೋಡಿದಳು. ಹೋಗು, ಹೋಗು ಎಂದು ಅಟ್ಟುವಂತೆ ಬೀಸುತ್ತಿದ್ದ ಆ ಕೈಯನ್ನು, ನಂಬಲಾರದವಳಂತೆ, ಒಂದು ಕ್ಷಣ ನೋಡಿ, ಕಿಟಕಿಯ ಪರದೆಯನ್ನು ಕೆಳಗೆಳೆದುಕೊಂಡಳು. ಇದಲೀನಾ ಪ್ಲಾಟ್‌ಫಾರ್ಮಿನ ಕೊನೆಯವರೆಗೂ ಅದೇ ಕೈಯನ್ನು ಆಡಿಸುತ್ತ ಓಡಿದಳು.